ಪುಟ್ಟಿ ಡಬ್ಬಿಗೆ ಕಟ್ಟಿದ ಕಾಗದ

ನನ್ನ ಮುದ್ದು ಮೊಂಡನಿಗೆ,

ಅತ್ತೆಯ ಮುಂದೆ ನಿನ್ನನ್ನು 'ನೀವು' ಎನ್ನುತ್ತೇನೆ. ಕಾಗದದಲ್ಲಿ ಅದು ನನ್ನಿಂದಾಗದು. ಮದುವೆಯಾಗಿ ಎಪ್ಪತ್ತೊಂದು ದಿನ. ಎಪ್ಪತ್ತೊಂದು ದಿನವೂ ನಿನ್ನನ್ನು ನೋಡಿದರೆ ಎದೆಯಲ್ಲಿ ಯಾರೋ ಗಂಟೆ ಬಾರಿಸಿದ ಹಾಗಾಗುತ್ತದೆ. ಇವತ್ತು ಮಾತ್ರ ಅದೇ ಗಂಟೆಯನ್ನು ಕಿತ್ತು ನಿನ್ನ ತಲೆಗೆ ಕುಟ್ಟಬೇಕು ಅನ್ನಿಸುತ್ತಿದೆ. ಬಾಯಲ್ಲಿ ಹೇಳಿದರೆ "ಆಯ್ತು ಕಣೇ, ಆಯ್ತು" ಎಂದು ಎದ್ದು ಹೋಗುತ್ತೀಯ. ಅದಕ್ಕೇ ಈ ಪತ್ರವನ್ನು ಮರದ ಬಿರುಕು ಮೆತ್ತಲು ನೀನು ತಂದಿಟ್ಟಿರುವ ಪುಟ್ಟಿ ಡಬ್ಬಿಯ ಮುಚ್ಚಳಕ್ಕೆ ದಾರ ಸುತ್ತಿ ಕಟ್ಟಿದ್ದೇನೆ. ಬಿಚ್ಚದೆ ನೀನು ಡಬ್ಬಿ ತೆರೆಯಲಾರೆ.

ಪಾಸ್ಟರು ನಿಂತು ಬೋಧಿಸಲು ಚರ್ಚಿಗೆ ಹೊಸ ಪ್ರಸಂಗಪೀಠ ಮಾಡುವ ಕೆಲಸ ನಿನಗೆ ಸಿಕ್ಕಾಗ ನಾನು ಅಡುಗೆಮನೆಯಲ್ಲೇ ಕುಣಿದೆ. ನಿನಗೆ ಉಳಿ ಹಿಡಿಯಲು ಕಲಿಸಿದ ಬಡಗಿ ತಾತನನ್ನು ನೀನೇ ವರ್ಕ್‌ಶಾಪಿಗೆ ಕರೆದೆ. ಅವರು ಹಲಗೆಯನ್ನು ಮೂಸಿ, ಬೆರಳಿನಿಂದ ತಟ್ಟಿ, "ಇನ್ನೂ ಹಸಿ ಇದೆ ಮಗಾ. ಎರಡು ತಿಂಗಳು ಒಣಗಲಿ. ಹಳೇ ಪೀಠವೇನು ಓಡಿಹೋಗಲ್ಲ" ಎಂದರು. ನೀನು ತಲೆಯಾಡಿಸಿದೆ. ಎಷ್ಟು ಚೆನ್ನಾಗಿ ಆಡಿಸಿದೆಯೆಂದರೆ ನನಗೆ ಹೆಮ್ಮೆಯಾಯಿತು! ಮಾರನೆಯ ದಿನವೇ ಅದೇ ಹಲಗೆಗೆ ಅಂಟು ಹಚ್ಚಿ ಪೀಠ ಬಿಗಿದುಬಿಟ್ಟೆ. ಯಾಕೆ ಎಂದು ಕೇಳಿದರೆ, "ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನ ಬಂತು." ಅಲ್ಲಪ್ಪಾ, ಆ ಸಮಾಧಾನ ಪ್ರತಿ ಸಲವೂ ನಿನಗೆ ಬೇಕಾದ ಕಡೆಗೇ ಯಾಕೆ ಬರುತ್ತದೆ? ದೇವರ ಉತ್ತರ ಆಗಲೇ ಕೆಮ್ಮುತ್ತಾ ಬಂದು, ನಿನ್ನ ಸ್ಟೂಲಿನ ಮೇಲೆ ಕೂತು, ಟೀ ಕುಡಿದು ಹೋಗಿತ್ತಲ್ಲ!

ಈಗ ಪೀಠದ ಎದೆಯ ಮೇಲೆ ಗೇಣುದ್ದ ಸೀಳು. ಭಾನುವಾರ ಚರ್ಚಿನಲ್ಲಿ ಅದರ ಸಮರ್ಪಣೆ. ಪುಟ್ಟಿ ತುಂಬಿ ಪಾಲಿಶ್ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲವಂತೆ. ಅದರ ಹಿಂದೆ ನಿಂತು ಪಾಸ್ಟರು ಸತ್ಯದ ಬಗ್ಗೆ ಮಾತಾಡಬೇಕು, ನಾನು ಮೊದಲ ಸಾಲಿನಲ್ಲಿ ಕೂತು ಪುಟ್ಟಿಯನ್ನೇ ನೋಡುತ್ತಿರಬೇಕು. ವಾರವಿಡೀ ನೀನು ಪೇಂಟರನ್ನು ಕೇಳಿದೆ, ಭಾವನನ್ನು ಕೇಳಿದೆ, ಬಾಗಿಲು ಮಾರುವವನನ್ನೂ ಕೇಳಿದೆ. "ಪುಟ್ಟಿ ಸಾಕು ಬಿಡಿ" ಎನ್ನುವವರು ಸಿಗುವವರೆಗೆ ಕೇಳಿದೆ. ತಾತನ ಮನೆಯ ಬೀದಿಗೆ ಮಾತ್ರ ಕಾಲಿಡಲಿಲ್ಲ.

ನಿನ್ನೆ ನಾನೇ ಹೋದೆ. ವರ್ಕ್‌ಶಾಪಿನ ಕಡೆ ಈಗ ಯಾಕೆ ಬರುವುದಿಲ್ಲ ಎಂದೆ. ತಾತ ಕನ್ನಡಕ ಒರೆಸುತ್ತಾ, "ಅವನು ಕೇಳ್ತಾನಮ್ಮ, ಆದ್ರೆ ಕೇಳಲ್ಲ" ಎಂದರು. ನನ್ನದು ಇಂಗ್ಲಿಷ್ ಮೀಡಿಯಮ್ ತಲೆ; ಪಾಪ, ವಯಸ್ಸಾಯಿತು, ಮಾತು ತಪ್ಪುತ್ತಿದೆ ಅಂದುಕೊಂಡೆ. ಬಸ್ಸು ಅರ್ಧ ದಾರಿಗೆ ಬಂದಾಗ ಅರ್ಥವಾಗಿ ಎಷ್ಟು ಜೋರಾಗಿ ನಕ್ಕೆನೆಂದರೆ ಪಕ್ಕದ ಹೆಂಗಸು ಸೀಟು ಬದಲಾಯಿಸಿದಳು. ಶಾಲೆಯಲ್ಲಿ ನನಗೆ ಪ್ರಶ್ನೆ ಹಾಕುವುದಕ್ಕೊಂದು ಪದ, ಕಿವಿಗೊಡುವುದಕ್ಕೆ ಇನ್ನೊಂದು ಪದ ಕಲಿಸಿದ್ದರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ. ನೀನು ಅದರಲ್ಲಿ ಅರ್ಧ ಮಾಡಿ ಎದ್ದು ಬರುತ್ತೀಯ.

ಆ ನಗು ಮನೆಗೆ ಬರುವಷ್ಟರಲ್ಲಿ ಸತ್ತುಹೋಯಿತು. ಯಾಕೆಂದರೆ ನಮ್ಮ ಮಂಚದ ಕೆಳಗೆ, ಸೂಟ್‌ಕೇಸಿನ ಹಿಂದೆ, ಹಳೇ ಟವೆಲಿನಲ್ಲಿ ಸುತ್ತಿದ ಅತ್ತೆಯ ಹಾಲಿನ ಪಾತ್ರೆ ಇದೆ. ಹೋದ ವಾರ ನಾನೇ ಕೇಳಿದ್ದೆ, "ಅತ್ತೆ, ಉರಿ ಎಷ್ಟಿಡಲಿ?" "ಸಣ್ಣಗಿಡು, ಪಕ್ಕದಲ್ಲೇ ನಿಂತಿರು" ಎಂದಿದ್ದರು. ನಾನು ದೊಡ್ಡದು ಮಾಡಿ, ಫೋನ್ ಹಿಡಿದು ಕಿಟಕಿಯ ಹತ್ತಿರ ಹೋದೆ. ಹಾಲು ಉಕ್ಕಿ, ತಳ ಹಿಡಿದು, ಪಾತ್ರೆ ಕರಿಕಲಾಯಿತು. ಅವರು ದಿನಾ "ಎಲ್ಲಿ ಹೋಯ್ತೋ ನನ್ನ ಪಾತ್ರೆ" ಎಂದು ಹುಡುಕುತ್ತಾರೆ. ನಾನೂ ಜೊತೆಗೆ ಹುಡುಕುತ್ತೇನೆ! ನಿನ್ನದು ಪುಟ್ಟಿ, ನನ್ನದು ಟವೆಲು. ಸರಿಯಾದ ಜೋಡಿ.

ಇವತ್ತು ಅತ್ತೆ ಮಾರ್ಕೆಟ್ಟಿನಿಂದ ಬಂದ ಕೂಡಲೇ ಪಾತ್ರೆಯನ್ನು ಅವರ ಮುಂದಿಡುತ್ತೇನೆ. ಬೈದರೆ ಬೈಯಲಿ. ಉಜ್ಜುವುದು ಹೇಗೆಂದು ಕೇಳುತ್ತೇನೆ, ಈ ಸಲ ಪೂರ್ತಿ ಕೇಳುತ್ತೇನೆ. ನೀನು ಡಬ್ಬಿಯನ್ನು ಅಲ್ಲೇ ಬಿಟ್ಟು ತಾತನ ಬಾಗಿಲು ತಟ್ಟು. ಆಮೇಲೆ ಪಾಸ್ಟರಿಗೂ ಹೇಳು. ಭಾನುವಾರಕ್ಕೆ ಹಳೇ ಪೀಠವೇ ಇರಲಿ. ನೋಡಿ ಬಂದೆ, ಇನ್ನೂ ಓಡಿಹೋಗಿಲ್ಲ.

ದೇವರು ನಿನ್ನ ಕೈಗಳನ್ನು ಆಶೀರ್ವದಿಸಲಿ; ಅದಕ್ಕೂ ಮುಂಚೆ ನಮ್ಮಿಬ್ಬರ ಕಿವಿಗಳನ್ನು.

ಸೀದ ಪಾತ್ರೆ ಕೈಯಲ್ಲಿ ಹಿಡಿದು ನಿಂತಿರುವ,
ನಿನ್ನವಳು