ಡಬ್ಬಿಯ ಮೇಲೆ ಬರೆಯದೆ ಬಿಟ್ಟ ಎಚ್ಚರಿಕೆ

ಆಹಾರ ಸುರಕ್ಷತೆಯ ಹೊಣೆ ಹೊತ್ತ ಮಾನ್ಯರೇ,

ನಿಮ್ಮ ಪರವಾನಗಿಯಿಂದ ಮಾರಾಟವಾಗುವ ಪುಡಿಯೊಂದನ್ನು ಕುಡಿಯುತ್ತಿದ್ದ ನನ್ನ ಗಂಡ ಕುದಿಯುವ ಎಣ್ಣೆಯಲ್ಲಿ ಬೆಂದು ಸತ್ತರು. ಆ ಪುಡಿ ಮಾರಿದವನ ಹಲ್ಲು ಮುರಿದ ನನ್ನ ತಮ್ಮ ಜೈಲಿನಲ್ಲಿದ್ದಾನೆ. ಮುರಿದ ಹಲ್ಲಿಗಾಗಿ ಕಾನೂನು ಓಡೋಡಿ ಬಂತು. ಬೆಂದ ದೇಹಕ್ಕಾಗಿ ಯಾರೂ ಬರಲಿಲ್ಲ. ಏಕೆ ಎಂದು ನಾಲ್ಕು ಜನರ ಮುಂದೆಯೇ ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ಗಂಡ ಸದಾನಂದ ವಿಕ್ರೋಳಿಯ ಉಡುಪಿ ಹೋಟೆಲೊಂದರಲ್ಲಿ ವಡೆ, ಬೋಂಡಾ ಕರಿಯುತ್ತಿದ್ದರು. ಹೃದಯಾಘಾತವಾಗಿ, ಸ್ಟೆಂಟ್ ಹಾಕಿಸಿಕೊಂಡು, ಬಿ.ಪಿ. ಮಾತ್ರೆ ನುಂಗುತ್ತ ಮತ್ತೆ ಒಲೆಯ ಮುಂದೆ ನಿಂತಿದ್ದರು. ಸುಸ್ತು ಮಾತ್ರ ಬಿಟ್ಟಿರಲಿಲ್ಲ. ಭಾಂಡುಪ್ ಸ್ಟೇಶನ್ ಪಕ್ಕದ ಸಪ್ಲಿಮೆಂಟ್ ಅಂಗಡಿಯ ಸೇಲ್ಸ್‌ಮನ್ ಅಮಿತ, ಮುಂಬಯಿಯಲ್ಲೇ ಬೆಳೆದ ಕನ್ನಡದವನು, ಅವರಿಗೆ ಆರ್ಜಿನಿನ್ ಎಂಬ ಅಮೈನೋ ಆಮ್ಲದ ಪುಡಿಯ ಡಬ್ಬಿ ಕೊಟ್ಟ. "ಅಂಕಲ್, ಇದು ದವಾಯಿ ಅಲ್ಲ, ನ್ಯಾಚುರಲ್ ಅದೆ. ನಸ್, ಅಂದ್ರೆ ರಕ್ತನಾಳ, ಎಲ್ಲ ಓಪನ್ ಮಾಡ್ತದೆ. ಹಾರ್ಟ್‌ಗೆ ಏಕ್‌ದಮ್ ಬೆಸ್ಟ್" ಎಂದನಂತೆ. ಡಬ್ಬಿಯ ಮೇಲೆ ಕೆಂಪು ಹೃದಯದ ಚಿತ್ರವಿತ್ತು. ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಕುಡಿಯಬಾರದು ಎಂಬ ಸಾಲು ಇರಲಿಲ್ಲ.

"ಡಾಕ್ಟರಿಗೆ ಹೇಳಿದ್ದೀರಾ?" ಎಂದೆ.

"ನೆಲಗಡಲೆಯಲ್ಲಿ ಇರುವುದೇ ಇದರಲ್ಲಿ ಇರುವುದಂತೆ. ಅದಕ್ಕೆಲ್ಲ ಡಾಕ್ಟರ್ ಯಾಕೆ ಮಾರಾಯ್ತಿ?" ಎಂದು ನಕ್ಕರು.

ಕೆಲವೇ ದಿನಗಳಲ್ಲಿ, ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರತೊಡಗಿತು. ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಗಿರಾಕಿಗಳು ತುಂಬಿದ್ದ ಹೊತ್ತಿಗೆ ಅವರು ತೂರಾಡಿದರು. ಆಸರೆಗೆ ಕೈಗೆ ಸಿಕ್ಕಿದ್ದು ಬಾಣಲೆಯ ಹಿಡಿ. ಬಾಣಲೆ ಅವರ ಮೇಲೆಯೇ ಮಗುಚಿತು. ಜೊತೆಗೆ ಕೆಲಸ ಮಾಡುತ್ತಿದ್ದ ಕಾಂತಪ್ಪಣ್ಣ ಎಳೆದು ಹೊರಗೆ ತಂದು ಅಂಗಿ ಬಿಚ್ಚಿದಾಗ ಎದೆಯ ಚರ್ಮವೂ ಅದರೊಂದಿಗೆ ಕಿತ್ತು ಬಂತು. ಆಸ್ಪತ್ರೆಯಲ್ಲಿ ನನಗೆ ಮುಖದ ಗುರುತು ಹತ್ತಲಿಲ್ಲ, ದನಿಯಿಂದ ಗುರುತಿಸಿದೆ. "ಒಲೆ ಆರಿಸಿದ್ರಾ?" ಎಂದು ಕೇಳುತ್ತಲೇ ಇದ್ದರು. ಆ ವಾರವೇ ಹೋಗಿಬಿಟ್ಟರು.

ಅವರಿಗೆ ಬಿ.ಪಿ. ಮಾತ್ರೆ ಬರೆದುಕೊಡುತ್ತಿದ್ದ ಡಾಕ್ಟರ್ ಜ್ಯೋತ್ಸ್ನಾ ನಾನು ಒಯ್ದ ಡಬ್ಬಿಯನ್ನು ನೋಡಿ, ನನ್ನನ್ನು ಕೂರಿಸಿ ಹೇಳಿದರು: "ಇದು ವಿಷ ಅಲ್ಲಮ್ಮ. ಹುಟ್ಟಿನಿಂದಲೇ ರಕ್ತದಲ್ಲಿ ಅಮೋನಿಯ ಏರುವ ಕೆಲವು ಮಕ್ಕಳಿಗೆ ನಾವು ಡಾಕ್ಟರುಗಳೇ ಕೊಡ್ತೇವೆ, ಅದರಿಂದ ಜೀವ ಉಳೀತದೆ. ಆದರೆ ಇದು ರಕ್ತನಾಳ ಹಿಗ್ಗಿಸ್ತದೆ. ಬಿ.ಪಿ. ಮಾತ್ರೆಯ ಜೊತೆ ಸೇರಿದರೆ ಬಿ.ಪಿ. ಕುಸಿಯಬಹುದು. ಹೃದಯಾಘಾತ ಆದವರಿಗೆ ಕೊಟ್ಟು ನೋಡಿದ ಒಂದು ಪರೀಕ್ಷೆಯನ್ನು, ತೆಗೆದುಕೊಂಡವರಲ್ಲಿ ಕೆಲವರು ಸತ್ತರೆಂದು ವಿದೇಶದಲ್ಲಿ ನಡುವೆಯೇ ನಿಲ್ಲಿಸಿದ್ದಾರೆ. ಇವರು ಬಿದ್ದದ್ದು ಇದರಿಂದಲೇ ಅಂತ ಆಣೆ ಹಾಕಲಾರೆ. ನನ್ನನ್ನು ಕೇಳಿದ್ದರೆ ಖಂಡಿತ ಬೇಡ ಅಂತಿದ್ದೆ."

ಪಕ್ಕದಲ್ಲಿದ್ದ ನನ್ನ ತಮ್ಮ ಸುಹಾಸ ಅಷ್ಟು ಕೇಳಿದವನೇ ಎದ್ದು ಹೊರಟ. ನಾನು ಹಿಂದೆಯೇ ಓಡಿದೆ. ಅಂಗಡಿ ಮುಟ್ಟುವ ಹೊತ್ತಿಗೆ ಅವನು ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯಿಂದ ಗಾಜಿನ ಕಪಾಟುಗಳನ್ನೆಲ್ಲ ಒಡೆದಿದ್ದ. ಅಮಿತನ ಬಾಯಿಗೂ ಬಾರಿಸಿದ್ದ. ನೆಲದ ಮೇಲೆ ಬಿಳಿ ಪುಡಿ, ಗಾಜು, ರಕ್ತ, ಎರಡು ಹಲ್ಲು. ತಲೆಗೆ ಗುರಿಯಿಟ್ಟು ಕೊಕ್ಕೆಯನ್ನು ಮತ್ತೆ ಎತ್ತಿದ. ಅಮಿತ ನನ್ನ ಕಾಲು ಹಿಡಿದುಕೊಂಡ.

"ಆಂಟಿ, ಮಾ ಕಸಮ್, ನಂಗೆ ಮಾಲೂಮ್ ಇರ್ಲಿಲ್ಲ. ನನ್ನ ಪಪ್ಪಂಗೂ ಅಟ್ಯಾಕ್ ಆಗಿದೆ. ಅವ್ರಿಗೂ ಇದೇ ಕೊಡ್ತಾ ಇದೀನಿ."

ನಾನು ಕೊಕ್ಕೆಯನ್ನು ಎರಡೂ ಕೈಯಿಂದ ಹಿಡಿದೆ. ಅಂಗೈ ಸೀಳಿತು.

"ಬಾವನ ಮುಖ ನೋಡಿದ್ದೀಯಾ ಅಕ್ಕ ನೀನು?"

"ನೋಡಿದ್ದೇನೆ. ಬಿಡು."

ಅವನು ಬಿಟ್ಟ. ಪೊಲೀಸರು ಅವನನ್ನು ಹಿಡಿದರು. ತಪ್ಪು ಮಾಡಿದ್ದಾನೆ, ಶಿಕ್ಷೆಯಾಗಲಿ. ಆದರೆ ನಾನು ದೂರು ಹಿಡಿದು ಬಂದಾಗ ಔಷಧ ಕಚೇರಿಯವರು ಏನೆಂದರು? "ಇದು ಔಷಧವಲ್ಲ, ಆಹಾರ." ನಿಮ್ಮ ಕಚೇರಿಯವರು? "ಆಹಾರವೇ, ಆದರೆ ನಿಮ್ಮದು ಔಷಧದ ತಕರಾರು." ಎಂಥ ಜಾಣತನ! ವೈದ್ಯರ ಚೀಟಿಯಿಲ್ಲದೆ ಮಾರುವಾಗ ಅದು ಆಹಾರ, ಹೃದಯದ ಚಿತ್ರ ಅಂಟಿಸುವಾಗ ಅದು ಮದ್ದು, ಹೆಣ ಬಿದ್ದಾಗ ಅದು ಯಾವುದೂ ಅಲ್ಲ. ನನ್ನ ಗಂಡ ಯಾವ ಕಚೇರಿಯ ಅಪ್ಪಣೆ ಪಡೆದು ಸಾಯಬೇಕಿತ್ತು? ಆ ಅಂಗಡಿಗೆ ಹೊಸ ಗಾಜು ಬಂದಿದೆ. ಒಳಗೆ ಅದೇ ಡಬ್ಬಿಗಳಿವೆ. ಅಂಧೇರಿಯಿಂದ ಭಾಂಡುಪ್‌ವರೆಗೆ ಎಷ್ಟು ಮನೆಗಳಲ್ಲಿ ಅದನ್ನು ಹಾಲಿಗೆ ಕದಡುತ್ತಿದ್ದಾರೋ, ನಿಮಗೆ ಗೊತ್ತೇ?

ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಹೃದಯಾಘಾತವಾದವರು, ಬಿ.ಪಿ. ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದೆಂದು ಡಬ್ಬಿಯ ಮುಂಭಾಗದಲ್ಲೇ, ಜನ ಓದುವ ಭಾಷೆಯಲ್ಲಿ, ದಪ್ಪಕ್ಷರದಲ್ಲಿ ಬರೆಸಿ. ಆ ಹೃದಯದ ಚಿತ್ರ ಕಿತ್ತುಹಾಕಿಸಿ. ನನ್ನ ದೂರನ್ನು ದಾಖಲಿಸಿ.

ಅಮಿತ ಆ ಕೆಲಸ ಬಿಟ್ಟಿದ್ದಾನೆ. ಅವನ ತಂದೆ ಪುಡಿ ನಿಲ್ಲಿಸಿ ಡಾಕ್ಟರ್ ಜ್ಯೋತ್ಸ್ನಾ ಬಳಿ ಹೋಗುತ್ತಿದ್ದಾರೆ. ಬರುವ ಸೋಮವಾರ ಅವನು ನನ್ನೊಂದಿಗೆ ನಿಮ್ಮ ಕಚೇರಿಗೆ ಬರುತ್ತಾನೆ. ಏನು ಹೇಳಿ ಮಾರಲು ತನಗೆ ಕಲಿಸಿದ್ದರೆಂದು ನಿಮ್ಮೆದುರು ಬಾಯಿಬಿಡುತ್ತಾನೆ. ಹಲ್ಲಿಲ್ಲದ್ದರಿಂದ ಮಾತು ಸ್ವಲ್ಪ ತೊದಲುತ್ತದೆ. ದಯವಿಟ್ಟು ಗಮನವಿಟ್ಟು ಕೇಳಿಸಿಕೊಳ್ಳಿ.

ಇಂತಿ,
ಇನ್ನು ತಮ್ಮ ವಿಧೇಯಳಾಗಿರಲಾರದ
ವಾರಿಜಾ ಸದಾನಂದ, ಭಾಂಡುಪ್