ಮಲ್ಲತ್ತಹಳ್ಳಿ ಕೆರೆಯ ಬಸವನಹುಳು ಮತ್ತು ಇಪ್ಪತ್ತೇಳು ಉಲ್ಲೇಖಗಳು

ಬಡ್ತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಡಾ. ರೇವಣಸಿದ್ದಯ್ಯನವರಿಗೆ ಬಡ್ತಿ ನಿರಾಕರಿಸಿ, ಅವರ ಪ್ರಯೋಗಾಲಯಕ್ಕೂ ಬೀಗ ಹಾಕಿಸಲು ತಾವು ಕೊಟ್ಟ ಕಾರಣ ಒಂದು ಸಂಖ್ಯೆ. ಆ ಸಂಖ್ಯೆಯನ್ನು ಎಣಿಸಿಕೊಟ್ಟವಳು ನಾನು, ತಮ್ಮದೇ ಸಂಸ್ಥೆಯ ಗ್ರಂಥಾಲಯ ಸಹಾಯಕಿ. ಅದನ್ನು ತಾವು ಅನ್ಯಾಯಕ್ಕೆ ಬಳಸಿದ್ದೀರಿ. ಒಳಗೆ ಎರಡು ಸಲ ಹೇಳಿದೆ, ತಾವು ಕೇಳಲಿಲ್ಲ. ಅದಕ್ಕೇ ಈ ಪತ್ರಿಕೆಗೆ ಬರೆದಿದ್ದೇನೆ, ಈಗ ಊರೆಲ್ಲ ಕೇಳಲಿ.

ಕಳೆದ ಜೂನ್‌ನಲ್ಲಿ ತಮ್ಮ ಕಚೇರಿಯಿಂದ ಚೀಟಿ ಬಂತು. ಬಡ್ತಿಯ ಪಟ್ಟಿಯಲ್ಲಿದ್ದ ಇಬ್ಬರು ವಿಜ್ಞಾನಿಗಳ ಪ್ರಬಂಧಗಳೆಷ್ಟು, ಬೇರೆ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಲೆಕ್ಕ ಕೊಡಬೇಕಿತ್ತು. ಅಮೆರಿಕದಿಂದ ಬರುವ ಉಲ್ಲೇಖ ಸೂಚಿಯ ದಪ್ಪ ಸಂಪುಟಗಳನ್ನು ಹರಡಿಕೊಂಡು, ಇರುವೆಸಾಲಿನಂಥ ಅಕ್ಷರಗಳ ಮೇಲೆ ಭೂತಗನ್ನಡಿ ಹಿಡಿದು ಮೂರು ವಾರ ಎಣಿಸಿದೆ. ರಸಾಯನಶಾಸ್ತ್ರದವರದು ಮೂವತ್ತೆಂಟು ಪ್ರಬಂಧ, ಮುನ್ನೂರ ನಾಲ್ಕು ಉಲ್ಲೇಖ. ರೇವಣಸಿದ್ದಯ್ಯನವರದು ಹನ್ನೊಂದು ಪ್ರಬಂಧ, ಇಪ್ಪತ್ತೇಳು ಉಲ್ಲೇಖ. ತಮಗೆ ಅಷ್ಟೇ ಸಾಕಾಯಿತು.

ಆ ಹನ್ನೊಂದರಲ್ಲಿ ಏನಿದೆ ಎಂದು ತಾವು ತೆರೆದು ನೋಡಿದಿರಾ? ಗದಗದ ಕಡೆಯಿಂದ ಬಂದು ರಾಜಾಜಿನಗರದ ಬಾಡಿಗೆ ಮನೆಯಲ್ಲಿರುವ ಈ ಮನುಷ್ಯ ಹದಿನಾಲ್ಕು ವರ್ಷ ಮಲ್ಲತ್ತಹಳ್ಳಿ ಕೆರೆಯ ಅಂಚಿನಲ್ಲಿ ಪ್ಯಾಂಟು ಮಡಚಿ ನಿಂತಿದ್ದಾರೆ. ಅವರು ಬರುವ ಮೊದಲು ಅಲ್ಲಿ ಕುರಿ ಸಾಕುವ ಮುನಿಲಕ್ಷ್ಮಮ್ಮನವರ ಹತ್ತೊಂಬತ್ತು ಕುರಿಗಳು ಒಂದೇ ವರ್ಷದಲ್ಲಿ ಗದ್ದದ ಕೆಳಗೆ ನೀರು ತುಂಬಿಕೊಂಡು ಸತ್ತಿದ್ದವು. ಕುರಿಯ ಪಿತ್ತಜನಕಾಂಗ ತಿನ್ನುವ ಚಪ್ಪಟೆ ಹುಳು ಕೆರೆಯ ಬಸವನಹುಳುವಿನ ಮೈಯಲ್ಲಿ ಬೆಳೆದು, ಅಲ್ಲಿಂದ ದಡದ ಹುಲ್ಲಿಗೆ ಹತ್ತುತ್ತದೆ. ಯಾವ ವಾರಗಳಲ್ಲಿ ಹತ್ತುತ್ತದೆ ಎಂಬುದನ್ನು ಅವರು ಪ್ರತಿ ವರ್ಷ ಬಸವನಹುಳುಗಳನ್ನು ತೊಟ್ಟಿಗಳಲ್ಲಿ ಸಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಿದ್ದರು. ಆ ವಾರಗಳಲ್ಲಿ ಕುರಿಗಳನ್ನು ದಡಕ್ಕೆ ಬಿಡದಿದ್ದರೆ ಸಾಕು. ಹೋದ ವರ್ಷ ಮುನಿಲಕ್ಷ್ಮಮ್ಮನವರ ಒಂದು ಕುರಿಯೂ ಸಾಯಲಿಲ್ಲ. ಆ ಕುರಿಗಳು ಯಾವ ಪತ್ರಿಕೆಯಲ್ಲೂ ಉಲ್ಲೇಖ ಬರೆಯಲಿಲ್ಲ ಎಂಬುದು ನಿಜ.

ನಾನು ಎರಡನೆಯ ಹಾಳೆಯನ್ನೂ ಕೊಟ್ಟಿದ್ದೆ. ಎರಡೂ ಕ್ಷೇತ್ರಗಳಿಂದ ಐವತ್ತೈವತ್ತು ಪ್ರಬಂಧ ಆರಿಸಿ ಎಣಿಸಿದ್ದೆ. ಆ ರಸಾಯನಶಾಸ್ತ್ರದಲ್ಲಿ ಒಂದು ಪ್ರಬಂಧಕ್ಕೆ ಸರಾಸರಿ ಹತ್ತು ಉಲ್ಲೇಖ. ತಾವು ಬಡ್ತಿಗೆ ಆರಿಸಿದವರದು ಎಂಟು. ಬಸವನಹುಳುವಿನ ಅಧ್ಯಯನದಲ್ಲಿ ಸರಾಸರಿ ಒಂದೂ ಇಲ್ಲ. ರೇವಣಸಿದ್ದಯ್ಯನವರದು ಎರಡೂವರೆಯ ಹತ್ತಿರ. ತಮ್ಮ ತಮ್ಮ ಕ್ಷೇತ್ರದೊಳಗೆ ಯಾರು ಮುಂದೆ, ಯಾರು ಹಿಂದೆ? ಹಾಳೆಯನ್ನು ತಮ್ಮ ಮೇಜಿನ ಮೇಲಿಟ್ಟಾಗ ತಾವು ಹೇಳಿದ ಮಾತು ನೆನಪಿದೆಯೇ?

“ಏನಮ್ಮಾ, ನಿಮಗೆ ಎಣಿಸೋಕೆ ಹೇಳಿದ್ದು. ಯೋಚನೆ ಮಾಡೋಕಲ್ಲ.”

ಯೋಚನೆ ಮಾಡುವವರು ತಾವಲ್ಲವೇ! ಹಾಗಾದರೆ ಇದನ್ನು ಯೋಚಿಸಿ. ಕಾಮಾಕ್ಷಿಪಾಳ್ಯದ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಲ್ಲತ್ತಹಳ್ಳಿಯ ಬಸ್ಸಿನಲ್ಲಿ ಕೊನೆಗೆ ಉಳಿಯುವವರು ಏಳು ಜನ. ಅದಕ್ಕೆ ಎರಡನೆಯ ಬಸ್ಸಿನ ಡ್ರೈವರಿಗೆ ಓಡಿಸಲು ಬರುವುದಿಲ್ಲ ಎಂದು ತೀರ್ಮಾನಿಸುತ್ತೀರಾ? ಆ ರಸಾಯನಶಾಸ್ತ್ರಜ್ಞರ ಮೇಲೆ ನನಗೆ ಕೋಪವಿಲ್ಲ, ಅವರು ಸಜ್ಜನರು. ನನ್ನ ಕೋಪವೆಲ್ಲ ಕೂಡುವುದನ್ನಷ್ಟೇ ಬಲ್ಲ, ಹೋಲಿಸಲು ಬಾರದ ಸಮಿತಿಯ ಮೇಲೆ.

ಕಳೆದ ಸೋಮವಾರ ತಮ್ಮ ಆಜ್ಞೆಯಂತೆ ತೊಟ್ಟಿಗಳನ್ನು ಮೋರಿಗೆ ಬಗ್ಗಿಸಿದರು. ರೇವಣಸಿದ್ದಯ್ಯನವರು ಬಾಗಿಲಲ್ಲಿ ನಿಂತು ನೋಡಿದರು. ಅವರು ಕೂಗಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಭಾನುವಾರ ಮಲ್ಲತ್ತಹಳ್ಳಿಗೆ ವಿಷಯ ತಿಳಿಸಲು ಹೊರಟರು. ನಾನೂ ಜೊತೆಗೆ ಹೋದೆ. ನಮ್ಮನ್ನು ಕಂಡೊಡನೆ ಮುನಿಲಕ್ಷ್ಮಮ್ಮ ಜಗಲಿ ಗುಡಿಸಿ ಕೂರಿಸಿದರು.

“ಈ ಸಲ ಯಾವಾಗಿಂದ ಕುರಿ ಕೆರೆತಾವ ಬಿಡ್ಬಾರ್ದು ಸೋಮಿ?” ಎಂದರು.

“ಈ ವರ್ಷ ನನಗ ಹೇಳಾಕ ಆಗೂದಿಲ್ಲ ತಾಯಿ. ನೋಡಾಕ ತೊಟ್ಟೀನೂ ಇಲ್ಲ, ಯಂತ್ರಾನೂ ಇಲ್ಲ.”

ಆಕೆಗೆ ಅರ್ಥವಾಗಲಿಲ್ಲ. “ಹಂಗಾದ್ರೆ ನಿಮ್ ದೊಡ್ ಸಾಯೇಬ್ರನ್ನ ಕೇಳ್ಲಾ?” ಎಂದರು. ರೇವಣಸಿದ್ದಯ್ಯನವರು ತಲೆ ತಗ್ಗಿಸಿದರು.

ದೊಡ್ಡ ಸಾಹೇಬರೇ, ಆಕೆಯ ಪರವಾಗಿ ನಾನು ಕೇಳುತ್ತಿದ್ದೇನೆ. ಯಾವ ವಾರ? ಮಳೆಗಾಲ ಮುಗಿಯುತ್ತ ಬಂದಿದೆ, ಹುಲ್ಲು ಚಿಗುರಿದೆ, ಹೆಚ್ಚು ದಿನ ಉಳಿದಿಲ್ಲ. ತಮಗೆ ಗೊತ್ತಿದ್ದರೆ ಈ ಪತ್ರಿಕೆಯಲ್ಲೇ ಉತ್ತರಿಸಿ. ಗೊತ್ತಿಲ್ಲದಿದ್ದರೆ ನಾಳೆಯೇ ಪ್ರಯೋಗಾಲಯದ ಬೀಗ ತೆಗೆಸಿ, ನನ್ನ ಎರಡನೆಯ ಹಾಳೆಯನ್ನು ಮುಂದಿಟ್ಟುಕೊಂಡು ಸಮಿತಿಯನ್ನು ಮತ್ತೆ ಕೂರಿಸಿ.

ಇಂತಿ,
ಯೋಚನೆ ಮಾಡಿದ ತಪ್ಪಿಗೆ ಶಿಕ್ಷೆ ಕಾಯುತ್ತಿರುವ
ಕಮಲಾಕ್ಷಮ್ಮ
ಗ್ರಂಥಾಲಯ ಸಹಾಯಕಿ, ಈ ಪತ್ರ ಅಚ್ಚಾಗುವವರೆಗಾದರೂ
ಗೋವಿಂದರಾಜನಗರ, ಬೆಂಗಳೂರು
ಅಕ್ಟೋಬರ್ ೧೯೭೮