ಅಕ್ಕೋರ ಸೋಮವಾರ

೨೪-೨-೧೯೭೫, ಸೋಮವಾರ

ಹನ್ನೊಂದನೇ ಸೋಮವಾರ. ಇನ್ನೈದು ಉಳಿದವು. ಬೆಳಿಗ್ಗೆಯಿಂದ ಬರೀ ಚಹಾ. ಮನೆಯಲ್ಲಿ ಎರಡು ಕಪ್, ಶಾಲೆಯಲ್ಲಿ ನಾಲ್ಕು. ರೊಟ್ಟಿ ಮುಟ್ಟಿದರೆ ವ್ರತ ಕೆಡುತ್ತದೆ, ಚಹಾಕ್ಕೆ ದೋಷವಿಲ್ಲ. ಇದು ಅತ್ತೆಯ ಶಾಸ್ತ್ರ. ಹದಿನಾರು ಸೋಮವಾರ ಮುಗಿಸಿದರೆ ನಮ್ಮ ಮನೆಯವರಿಗೆ ರಾಯಚೂರಿನಿಂದ ಶಹಾಬಾದಿಗೆ ಟ್ರಾನ್ಸ್‌ಫರ್ ಗ್ಯಾರಂಟಿಯಂತೆ. ಶಿವನೇ ಕೂತು ಆರ್ಡರ್ ಟೈಪ್ ಮಾಡುತ್ತಾನೋ ಏನೋ!

ಸುಂದರಮ್ಮ ಭಿನ್ನರಾಶಿ ತಪ್ಪಿದಳು. ಏಳನೇ ಇಯತ್ತೆಯಲ್ಲಿ ಆಕೆಯೇ ಜಾಣೆ. ಪಬ್ಲಿಕ್ ಪರೀಕ್ಷೆಗೆ ತಿಂಗಳಷ್ಟೇ ಇದೆ. ರೂಲ್‌ಪಟ್ಟಿಯಿಂದ ಬೆರಳ ಗೆಣ್ಣಿಗೆ ಹೊಡೆದೆ. ರಕ್ತ ಬಂತು. ಹುಡುಗಿ ಅಳಲಿಲ್ಲ. ನನ್ನ ತಲೆ ಸಿಡಿಯುತ್ತಿತ್ತು...

೨೭-೨, ಗುರುವಾರ

ಸುಂದರಮ್ಮ ಮೂರು ದಿನದಿಂದ ಬಂದಿಲ್ಲ. ಇವತ್ತು ಮಕ್ಕಳು ಸಂತೆಯಷ್ಟು ಗದ್ದಲ ಹಾಕಿದರು. ನನಗೆ ಸಿಟ್ಟೇ ಬರಲಿಲ್ಲ. ಬೆಳಿಗ್ಗೆ ಎರಡು ರೊಟ್ಟಿ, ಪುಂಡಿಪಲ್ಯ ತಿಂದು ಹೋಗಿದ್ದೆ.

೩-೩, ಸೋಮವಾರ

ಹನ್ನೆರಡು. ಮತ್ತೆ ಇಬ್ಬರಿಗೆ ಹೊಡೆದೆ. ಹೆಡ್‌ಮಾಸ್ತರ ಅಬ್ದುಲ್ ಕರೀಮ್ ಸಾಹೇಬರು ಬಂದು ಕೈ ಚಾಚಿದರು. “ಅಕ್ಕೋರೆ, ಆ ಪಟ್ಟಿ ನನ್ನ ಕಡೆ ಇರ್ಲಿ, ಕೊಡ್ರಿ.” ಮಕ್ಕಳೆದುರಿಗೇ! ಕೊಟ್ಟೆ. ಮುಖ ಸುಟ್ಟಂತಾಯಿತು.

೯-೩, ರವಿವಾರ

ಕಲ್ಲುಗಣಿ ದಾಟಿ ಸುಂದರಮ್ಮನ ಮನೆಗೆ ಹೋದೆ. ಹುಡುಗಿ ಅಪ್ಪನ ಜೊತೆ ನೆಲಹಾಸಿನ ಫರಸಿಕಲ್ಲು ಹೊಂದಿಸುತ್ತಿದ್ದಳು. ಶಾಲೆ ಬಿಟ್ಟೇಬಿಟ್ಟಿದ್ದಾಳೆ. ಪರೀಕ್ಷೆಗೆ ಕೂರದಿದ್ದರೆ ಈ ಕಲ್ಲೇ ಆಕೆಯ ಗತಿ, ಅದು ನನ್ನ ಕೈಯಿಂದ ಆಗುತ್ತಿದೆ. ಆಕೆಯ ಅವ್ವ ಮಾಣಿಕಮ್ಮ ಕುಂದ್ರಿ ಅಂತಲೂ ಅನ್ನಲಿಲ್ಲ.

“ಸಿಟ್ಟ ಮಾಡ್ಕೋಬ್ಯಾಡ್ರಿ ಅಕ್ಕೋರೆ. ನಿಮ್ಮ ಉಪಾಸಕ್ಕ ನನ್ನ ಮಗಳು ಯಾಕ ಪೆಟ್ಟು ತಿನ್ನಬೇಕ್ರಿ?”

“ಉಪಾಸಕ್ಕೂ ಪೆಟ್ಟಿಗೂ ಏನ್ ಸಂಬಂಧ?”

“ಊರಿನ ಹುಡುಗರಿಗೆಲ್ಲ ಗೊತ್ತದ. ಸೋಮವಾರ ಅಕ್ಕೋರು ಉಂಡಿರಂಗಿಲ್ಲ, ಮುಂದಿನ ಸಾಲಿನ್ಯಾಗ ಕುಂದರಬ್ಯಾಡ್ರಿ ಅಂತ ಒಬ್ಬರಿಗೊಬ್ಬರು ಹೇಳ್ಕೋತಾವ.”

ಎಷ್ಟು ಸೊಕ್ಕು ಎಂದುಕೊಂಡೆ. ಆದರೂ ಬೇಡಿಕೊಂಡೆ. ಕೊನೆಗೆ ಸುಂದರಮ್ಮನೇ ಬಾಯಿಬಿಟ್ಟಳು. “ಸೋಮವಾರ ಒಂದ್ ಬಿಟ್ಟು ಬರ್ತೀನ್ರಿ.”

ಮನೆಗೆ ಬಂದು ಈ ಡೈರಿಯ ಹಿಂದಿನ ಹಾಳೆ ತಿರುವಿದೆ. ಡಿಸೆಂಬರ್‌ನಿಂದ ಯಾರಿಗೆ ಹೊಡೆದೆ ಎಂದು ಬರೆದ ದಿನಗಳೆಲ್ಲ ಸೋಮವಾರ. ಒಂದೂ ತಪ್ಪಿಲ್ಲ. ಥೂ ನನ್ನ.

೧೭-೩, ಸೋಮವಾರ

ಹದಿನಾಲ್ಕು. ಉಂಡು ಹೋಗಲೇ ಎಂದು ಅತ್ತೆಯನ್ನು ಕೇಳಿದೆ. “ಹದಿನಾಕಕ್ಕ ಬಂದು ಮುರೀತಿಯೇನವಾ? ಮುರದರ ಮತ್ತ ಒಂದರಿಂದ ಸುರು!” ಇವರ ಪತ್ರದಲ್ಲೂ ಅದೇ ಮಾತು: ಇನ್ನೆಷ್ಟು ಉಳಿದವು? ಇವರು ರಾಯಚೂರಿನಲ್ಲಿ ಖಾನಾವಳಿಯ ಊಟ ಹೊಡೆದು ಬರೆಯುತ್ತಾರೆ.

ಖಾಲಿ ಹೊಟ್ಟೆಯ ಚಹಾದಿಂದಲೇ ತಲೆ ಸಿಡಿಯುತ್ತದೇನೋ ಎಂದು ಅದನ್ನಾದರೂ ಬಿಟ್ಟೆ. ಮಧ್ಯಾಹ್ನಕ್ಕೆ ತಲೆನೋವು ಇಮ್ಮಡಿ. ಪಟ್ಟಿ ಕೈಯಲ್ಲಿಲ್ಲ, ಬಾಯಿ ಇದೆಯಲ್ಲ — ಎಲ್ಲರ ಮೇಲೂ ಹರಿಹಾಯ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಸುಂದರಮ್ಮ ಬಂದಿರಲಿಲ್ಲ. ಒಳ್ಳೆಯದೇ ಮಾಡಿದಳು.

೨೯-೩, ಶನಿವಾರ

ಪರೀಕ್ಷೆ ಸೋಮವಾರವೇ ಸುರು. ಹದಿನಾರನೇ ಸೋಮವಾರವೂ ಅದೇ. ಎಂಥ ದರಿದ್ರ ಲೆಕ್ಕ! ಹಾಲ್ ಟಿಕೆಟ್ ಹಂಚುವ ಕೆಲಸ ನನ್ನದು. ಸುಂದರಮ್ಮನಿಗೆ ಮೂರು ಸಲ ಹೇಳಿದೆ, ತಪ್ಪದೆ ಬಾ ಎಂದು. ನೆಲ ನೋಡುತ್ತ ನಿಂತಳು.

೩೧-೩, ಸೋಮವಾರ. ಸಂಜೆ ಆರು

ಬೆಳಿಗ್ಗೆ ಉಣ್ಣಬೇಕೆಂದೇ ಎದ್ದೆ. ಅತ್ತೆ ಒಲೆ ಮುಂದೆ ಕೂತು ಸಂಜೆಯ ನೈವೇದ್ಯಕ್ಕೆ ಮಾದಲಿ ಮಾಡಲು ಬೆಲ್ಲ ಕುಟ್ಟುತ್ತಿದ್ದರು. ಇವತ್ತೊಂದು ದಿನ ತಡಕೋ ಎಂದರು. ಹೇಡಿ ನಾನು. ಚಹಾ ಕುಡಿದು ಹೋದೆ.

ಹತ್ತೂಕಾಲು. ಎಲ್ಲರೂ ಟಿಕೆಟ್ ಒಯ್ದರು, ಒಂದು ಉಳಿಯಿತು. ನೋಡಿದರೆ ಸುಂದರಮ್ಮ ಗೇಟಿನಾಚೆ ಬೇವಿನ ಮರದ ಕೆಳಗೆ ನಿಂತಿದ್ದಾಳೆ. ಕೈಯಲ್ಲಿ ರೊಟ್ಟಿಯ ಗಂಟು. ಕರೆದೆ, ಬರಲಿಲ್ಲ. ನಾನೇ ಹೋದೆ. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

“ಗಂಟಿ ಬಾರಸ್ತಾರ, ಬಾ ಒಳಗ.”

“ಉಂಡೀರೇನ್ರಿ ಅಕ್ಕೋರೆ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. “ಇಲ್ಲವಾ. ನಿನ್ನ ರೊಟ್ಟಿ ಕೊಡು” ಎಂದೆ.

ಹುಡುಗಿ ಗಾಬರಿಯಾದಳು. “ನಮ್ಮ ಮನೀದು ಅದರಿ, ನಿಮ್ಮ ಜನ ಉಣ್ಣಂಗಿಲ್ಲ...”

“ಕೊಡ್ತಿಯೋ ಇಲ್ಲೋ?”

ಗೇಟಿನಲ್ಲೇ ನಿಂತು ತಿಂದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ. ಊರಿನವರು ನೋಡುತ್ತಿದ್ದರು. ಹೆಡ್‌ಮಾಸ್ತರರೂ. ಎರಡನೇ ತುತ್ತಿಗೇ ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ, ನಾಚಿಕೆಗೆ. ಆಕೆ ನನ್ನ ಬಾಯನ್ನೇ ನೋಡುತ್ತಿದ್ದಳು. ಪೂರಾ ನುಂಗಿದ ಮೇಲೆ ಟಿಕೆಟಿಗೆ ಕೈ ಚಾಚಿದಳು. ಗೆಣ್ಣಿನ ಮೇಲೆ ಕಲೆ ಇನ್ನೂ ಇದೆ. ಓಡಿ ಒಳಗೆ ಹೋದಳು.

ಅತ್ತೆ ಹೊಸ ಸೀರೆಯುಟ್ಟು ಕೂತಿದ್ದಾರೆ. ಮಾದಲಿ ತಟ್ಟೆಗೆ ಬಂದಿದೆ. ಹದಿನಾರೂ ಮುಗಿದವು, ಮೊದಲ ತುತ್ತು ನೀನೇ ತಗೋ ಎಂದು ಕರೆಯುತ್ತಿದ್ದಾರೆ. ಮೊದಲ ತುತ್ತು ಬೆಳಿಗ್ಗೆಯೇ ಆಯಿತು ಎಂದು ಹೇಳಿಬಿಡುತ್ತೇನೆ. ಯಾರ ಮನೆಯದು ಎಂದೂ —